ಮನೆ ಆರೈಕೆಗೆ ಹೊಣೆಗಾರರು ಬೇಕು



ವೃದ್ಧರಿಗೂ ಹಾಸಿಗೆ ಹಿಡಿದವರಿಗೂ ಮನೆಯಲ್ಲೇ ಸ್ನಾನ, ಊಟ, ಔಷಧಗಳ ನೆರವು ಒದಗಿಸುವ ಮನೆ ಆರೈಕೆ ಸೇವೆಯ ಗುಣಮಟ್ಟವನ್ನು ಆರೈಕೆದಾರರ ಸಹನೆಯೊಂದರಿಂದಲೇ ಅಳೆಯುವ ರೂಢಿಯಿದೆ. ಆದರೆ ಆ ಸಹನೆಗೆ ಆಸರೆಯಾಗಬೇಕಾದದ್ದು ಸಂಸ್ಥೆಯ ಆಡಳಿತ ಎಂಬುದನ್ನು ಇಂಗ್ಲೆಂಡಿನ ವ್ಯವಸ್ಥೆ ಸ್ಪಷ್ಟಪಡಿಸುತ್ತದೆ. ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ ಇಂಥ ಸೇವೆಗಳನ್ನು ಸುರಕ್ಷತೆ, ಪರಿಣಾಮ, ಕಾಳಜಿ, ಸ್ಪಂದನೆ ಮತ್ತು ನಾಯಕತ್ವ ಎಂಬ 5 ನೆಲೆಗಳಲ್ಲಿ ಪರಿಶೀಲಿಸಿ, 'ಅತ್ಯುತ್ತಮ'ದಿಂದ 'ಅಸಮರ್ಪಕ'ದವರೆಗಿನ 4 ದರ್ಜೆಗಳಲ್ಲಿ ಒಂದನ್ನು ನೀಡುತ್ತದೆ. ದೈನಂದಿನ ನಿರ್ವಹಣೆಗೆ ಕಾನೂನಿನ ಮುಂದೆ ಉತ್ತರದಾಯಿಯಾಗುವ 'ನೋಂದಾಯಿತ ವ್ಯವಸ್ಥಾಪಕ'ರು ಸಾಮಾನ್ಯವಾಗಿ ಇರಲೇಬೇಕು.

ಔಷಧ ದಾಖಲೆಯ ಹಾಳೆಯಲ್ಲಿ ರಾತ್ರಿಯ ಗುಳಿಗೆಯ ಎದುರು ಸಹಿಯ ಜಾಗ ಖಾಲಿ ಉಳಿದರೆ, ಅದು ಆರೈಕೆದಾರರ ಮರೆವಷ್ಟೇ ಅಲ್ಲ, ಆ ಹಾಳೆಯನ್ನು ಯಾರೂ ತಪಾಸಣೆ ಮಾಡಿಲ್ಲ ಎಂಬುದರ ಸೂಚನೆಯೂ ಆಗಿರಬಹುದು. ಹಾಗೆಯೇ ಒಂದು ಮನೆಯಿಂದ ಇನ್ನೊಂದಕ್ಕೆ ತಲುಪುವ ಸಮಯವನ್ನು ಲೆಕ್ಕಕ್ಕೆ ಹಿಡಿಯದೆ ಪಾಳಿ ಹಾಕಿದಾಗ, ಆ ನಿಮಿಷಗಳು ಕಡಿತವಾಗುವುದು ವೃದ್ಧರ ಊಟದ ಹೊತ್ತಿನಿಂದಲೇ.

ಭಾರತದಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಲ್ಯಾಣಕ್ಕೆಂದು 2007ರಲ್ಲಿ ರೂಪುಗೊಂಡ ಕಾಯ್ದೆಗೆ 2019ರಲ್ಲಿ ಮಂಡಿಸಲಾದ ತಿದ್ದುಪಡಿ ಮಸೂದೆಯು ಮನೆ ಆರೈಕೆ ಸಂಸ್ಥೆಗಳ ನೋಂದಣಿಯನ್ನೂ ಪ್ರಸ್ತಾಪಿಸಿತ್ತಾದರೂ ಆ ಲೋಕಸಭೆಯ ಅವಧಿಯಲ್ಲಿ ಅದು ಕಾಯ್ದೆಯಾಗಲಿಲ್ಲ. ಹೋಮ್ ನರ್ಸ್‌ಗಳನ್ನು ಕಳುಹಿಸುವ ಏಜೆನ್ಸಿಗಳನ್ನು ನಂಬಿರುವ ಕರ್ನಾಟಕದ ಕುಟುಂಬಗಳ ಹಿತಕ್ಕಾಗಿ ನೋಂದಣಿ, ಸಿಬ್ಬಂದಿಗೆ ತರಬೇತಿ, ದೂರುಗಳಿಗೆ ಲಿಖಿತ ಉತ್ತರ ಮತ್ತು ಹೆಸರಿಸಲಾದ ಒಬ್ಬ ಹೊಣೆಗಾರರನ್ನು ರಾಜ್ಯ ಸರ್ಕಾರ ಕಡ್ಡಾಯಗೊಳಿಸಬೇಕು.

– ಓದುಗರು, ಮೈಸೂರು