ಕೊಂಡ ಚಿತ್ರವೂ ಕೊಂಡವನ ಅಧಿಕಾರವೂ

ಹಣ ತೆತ್ತು ಕೊಂಡುತಂದ ಚಲನಚಿತ್ರದ ಡಿವಿಡಿಯಿಂದ, ತಾನೂ ತನ್ನ ಮನೆಯವರೂ ನೋಡುವುದಕ್ಕಾಗಿ ಮಾತ್ರ, ತನ್ನದೇ ಕಂಪ್ಯೂಟರಿಗೋ ಮೊಬೈಲಿಗೋ ಒಂದು ಪ್ರತಿಯನ್ನು ಮಾಡಿಟ್ಟುಕೊಳ್ಳುವ ಗೃಹಸ್ಥನು ಅಪರಾಧಿಯೆ? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಪ್ರಾಮಾಣಿಕನಾದ ಪ್ರಜೆಯೊಬ್ಬನು ತನ್ನ ಮನೆಯೊಳಗೆ ಮಾಡುವ ನಿರುಪದ್ರವಿಯಾದ ಕಾರ್ಯವೊಂದು ನ್ಯಾಯವೋ ಅನ್ಯಾಯವೋ ಎಂಬುದನ್ನು ಅವನಿಗೆ ತಿಳಿಯಹೇಳಲಾರದ ಶಾಸನವು ಜನರ ಗೌರವವನ್ನು ಕಳೆದುಕೊಳ್ಳುತ್ತದೆಯಾದ್ದರಿಂದ, ಅದನ್ನು ಅಲ್ಪವೆಂದು ತಳ್ಳಿಹಾಕುವುದು ಸಲ್ಲದು. ಅವನು ಅಪರಾಧಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ದೇಶದ ಶಾಸನವನ್ನು ಸಾವಧಾನವಾಗಿ ಓದಿದರೆ ಅದರ ಒಲವೂ ಆ ಕಡೆಗೇ ಇರುವಂತೆ ಕಾಣುತ್ತದೆ. ಆದರೆ ಆ ಒಲವು ಸಾಮಾನ್ಯನಿಗೆ ತಿಳಿಯುವಂಥ ಮಾತಿನ ರೂಪವನ್ನು ಇನ್ನೂ ತಾಳಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಮೋಸರ್ ಬೇರ್ ಸಂಸ್ಥೆಯು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ, ಕಳ್ಳಪ್ರತಿ ಕೊಳ್ಳಲು ಮನಸ್ಸೊಪ್ಪದಿದ್ದ ಮಧ್ಯಮವರ್ಗದ ಕುಟುಂಬಗಳಿಗೂ ತಮ್ಮ ಮೆಚ್ಚಿನ ಚಿತ್ರಗಳನ್ನು ಸ್ವಂತವಾಗಿಸಿಕೊಳ್ಳುವ ಅವಕಾಶ ದೊರೆಯಿತು. ಆ ಸಂಸ್ಥೆಯೇ 2018ರಲ್ಲಿ ದಿವಾಳಿಯ ವಿಧಿಗೆ ಒಳಗಾಯಿತು. ಡಿಸ್ಕ್ ಓದುವ ಡ್ರೈವು ಲ್ಯಾಪ್‌ಟಾಪುಗಳಿಂದ ಮರೆಯಾಯಿತು. ಪ್ಲೇಯರ್ ಕೆಟ್ಟರೆ ದುರಸ್ತಿ ಮಾಡಿಕೊಡುವವರು ವಿರಳರಾದರು. ಗಾದ್ರೇಜ್ ಬೀರುವಿನ ಮೇಲೆ ಧೂಳು ಹಿಡಿದು ಕುಳಿತಿರುವ ಆ ಡಿಸ್ಕುಗಳೊಳಗೆ ಚಿತ್ರವು ಇನ್ನೂ ಇದೆ, ಅದನ್ನು ಹೊರತೆಗೆಯುವ ಯಂತ್ರ ಮಾತ್ರ ಇಲ್ಲ. ಅದೇ ಚಿತ್ರವನ್ನು ಓಟಿಟಿಯಲ್ಲಿ ಚಂದಾ ತೆತ್ತು ಪುನಃ ನೋಡಬಹುದಲ್ಲ ಎಂದರೆ, ಅಲ್ಲಿ ಚಿತ್ರವು ಇರುವಷ್ಟು ದಿನ ಇದ್ದು, ಒಪ್ಪಂದ ಮುಗಿದೊಡನೆ ಹೇಳದೆ ಕೇಳದೆ ಹೊರಟುಹೋಗತಕ್ಕದ್ದು. ಹಳೆಯ ಕನ್ನಡ ಚಿತ್ರಗಳಲ್ಲಿ ಎಷ್ಟೋ ಅಲ್ಲಿಗೆ ಬಂದೇ ಇಲ್ಲ.

ಇನ್ನು ಶಾಸನದ ವಿಚಾರ. 1957ರ ನಮ್ಮ ಕೃತಿಸ್ವಾಮ್ಯದ ಕಾಯಿದೆಯ 52ನೆಯ ಪ್ರಕರಣವು, ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ಕೃತಿಯೊಂದನ್ನು ನ್ಯಾಯೋಚಿತವಾಗಿ ಬಳಸಿಕೊಳ್ಳುವುದು ಸ್ವಾಮ್ಯದ ಉಲ್ಲಂಘನೆಯಾಗದೆಂದು ಹೇಳುತ್ತದೆ. ಮೊದಲು ಈ ಸೌಲಭ್ಯವು ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ ಮಾತ್ರ ಅನ್ವಯಿಸುತ್ತಿದ್ದು, 2012ರ ತಿದ್ದುಪಡಿಯಿಂದ ಚಲನಚಿತ್ರಗಳಿಗೂ ಧ್ವನಿಮುದ್ರಿಕೆಗಳಿಗೂ ವಿಸ್ತರಿಸಿತು. ಅಷ್ಟೇ ಅಲ್ಲದೆ, ಈ ಉದ್ದೇಶಗಳಿಗಾಗಿ ಯಾವುದೇ ಕೃತಿಯನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸಿಡುವುದು ಉಲ್ಲಂಘನೆಯಲ್ಲವೆಂಬ ವಿವರಣೆಯನ್ನೂ ಆ ತಿದ್ದುಪಡಿಯು ಸೇರಿಸಿತು. ಡಿಸ್ಕಿನ ಚಿತ್ರವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವವನಿಗೆ ಇದಕ್ಕಿಂತ ಹತ್ತಿರವಾದ ಆಶ್ವಾಸನೆ ಬೇರೆಲ್ಲಿ ದೊರೆಯಬೇಕು?

ಆದರೆ ಅದೇ ತಿದ್ದುಪಡಿಯು, ಪ್ರತಿ ಮಾಡದಂತೆ ಕೃತಿಗೆ ಹಾಕುವ ತಾಂತ್ರಿಕ ಬೀಗವನ್ನು ಕುರಿತ 65ಎ ಎಂಬ ಮತ್ತೊಂದು ಪ್ರಕರಣವನ್ನೂ ತಂದಿತು. ವಿಸಿಡಿಗೆ ಬೀಗವೆಂಬುದಿರಲಿಲ್ಲ, ಡಿವಿಡಿಗೆ ಸಿಎಸ್‌ಎಸ್ ಎಂಬ, 40 ಬಿಟ್ಟಿನ ಕೀಲಿಯ ಗೂಢಲಿಪಿಯನ್ನು ತೊಡಿಸುವ ಕ್ರಮ ಬಂದಿತು. ಇಂಥ ಬೀಗವನ್ನು ಮುರಿದರೆ 2 ವರ್ಷಗಳವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟೆಂದು 65ಎ ವಿಧಿಸುತ್ತದೆಯಾದರೂ, ಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದವನಿಗೆ ಮಾತ್ರ ಎಂಬ ವಿವೇಕದ ಮಾತನ್ನೂ ಜೊತೆಗೇ ಹೇಳಿದೆ. ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮುರಿಯುವುದಕ್ಕೆ ಅಡ್ಡಿಯಿಲ್ಲವೆಂದೂ ಸೇರಿಸಿದೆ. ಇದು ನಮ್ಮ ಶಾಸಕರು ಹೆಮ್ಮೆಪಡಬಹುದಾದ ವಾಕ್ಯ. ಆದರೆ ಹಿಂದೆಯೇ ಬರುವ ನಿಬಂಧನೆಯೊಂದಿದೆ: ಇನ್ನೊಬ್ಬರಿಗಾಗಿ ಬೀಗ ತೆಗೆದುಕೊಡಲು ನೆರವಾಗುವವನು ಅವರ ಹೆಸರು, ವಿಳಾಸ, ಉದ್ದೇಶಗಳ ಸಂಪೂರ್ಣ ದಾಖಲೆಯನ್ನು ಇಡಬೇಕಂತೆ. ಕಂಪ್ಯೂಟರ್ ಬಲ್ಲ ಮೊಮ್ಮಗನು ತನ್ನ ಅಜ್ಜಿಯ ರಾಜಕುಮಾರ್ ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡಬೇಕಾದರೆ ಅಜ್ಜಿಯ ವಿಳಾಸವನ್ನು ದಫ್ತರದಲ್ಲಿ ಬರೆದಿಡಬೇಕೆ? ಶಾಸನದ ಅಭಿಪ್ರಾಯ ಹಾಗಿರಲಾರದು. ಅಕ್ಷರಗಳು ಮಾತ್ರ ಹಾಗೆ ಓದಿಕೊಳ್ಳಲು ಎಡೆಮಾಡಿವೆ.

ಹೊರದೇಶಗಳ ಅನುಭವವನ್ನು ಇಲ್ಲಿ ನೆನೆಯಬಹುದು. 1999ರಲ್ಲಿ ನಾರ್ವೆ ದೇಶದ ಯೋನ್ ಲೆಕ್ ಯೋಹಾನ್ಸನ್ ಎಂಬ ಹದಿಹರೆಯದ ಹುಡುಗನು, ಡಿವಿಡಿಯ ಗೂಢಲಿಪಿಯನ್ನು ಬಿಡಿಸುವ ತಂತ್ರಾಂಶವನ್ನು ಪ್ರಕಟಿಸಿದುದಕ್ಕಾಗಿ ನ್ಯಾಯಾಲಯದ ಕಟಕಟೆಯನ್ನೇರಬೇಕಾಯಿತು. 2003ರಲ್ಲಿ ಓಸ್ಲೋದ ನ್ಯಾಯಾಲಯವೂ, ಅದೇ ವರ್ಷದ ಕೊನೆಗೆ ಮೇಲ್ಮನವಿಯ ನ್ಯಾಯಾಲಯವೂ ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದವು. ಅಮೆರಿಕದ 1998ರ ಕಾಯಿದೆಯಾದರೋ ಬೀಗ ಮುರಿಯುವುದನ್ನೇ ತಪ್ಪೆಂದು ಎಣಿಸಿತು. ಕೊಂಡ ಡಿಸ್ಕನ್ನು ಕಂಪ್ಯೂಟರಿಗೆ ಇಳಿಸಿಕೊಡುವ ರಿಯಲ್‌ಡಿವಿಡಿ ಎಂಬ ತಂತ್ರಾಂಶದ ಮಾರಾಟವನ್ನು 2009ರಲ್ಲಿ ಅಲ್ಲಿಯ ನ್ಯಾಯಾಲಯವೊಂದು ತಡೆಹಿಡಿಯಿತು. ಬ್ರಿಟನ್ನಿನಲ್ಲಿ 2014ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸ್ವಂತ ಪ್ರತಿಯ ಅನುಮತಿಯು ಮರುವರ್ಷವೇ ಹೈಕೋರ್ಟಿನಲ್ಲಿ ರದ್ದಾಯಿತು. ಇವುಗಳೆದುರಿಗೆ ಇಟ್ಟು ನೋಡಿದರೆ ನಮ್ಮ 2012ರ ತಿದ್ದುಪಡಿಯು ಎಷ್ಟೋ ಉದಾರವಾದುದು.

ಚಿತ್ರನಿರ್ಮಾಪಕರ ಸಂಕಟವನ್ನು ನಾನು ಅಲ್ಲಗಳೆಯುವವನಲ್ಲ. ಸಾಲ ಮಾಡಿ ತೆಗೆದ ಕನ್ನಡ ಚಿತ್ರವೊಂದು ಬಿಡುಗಡೆಯಾದ ಮರುದಿನವೇ ಟೆಲಿಗ್ರಾಮಿನಲ್ಲಿ ಹರಿದಾಡುವುದನ್ನು ಕಾಣುವ ನಿರ್ಮಾಪಕನ ಹೊಟ್ಟೆಯುರಿ ನ್ಯಾಯವಾದುದೇ. ಕರ್ನಾಟಕವು 2014ರಲ್ಲಿ ಗೂಂಡಾ ಕಾಯಿದೆಯ ವ್ಯಾಪ್ತಿಗೆ ಡಿಜಿಟಲ್ ಅಪರಾಧಿಗಳನ್ನು ತಂದುದೂ, ಕೇಂದ್ರವು 2023ರಲ್ಲಿ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ 3 ತಿಂಗಳಿಂದ 3 ವರ್ಷದವರೆಗೆ ಸೆರೆಯನ್ನು ವಿಧಿಸಿದುದೂ ಆ ಸಂಕಟಕ್ಕೆ ಉತ್ತರವಾಗಿಯೇ. ಆದರೆ ಆ ಕಳ್ಳನು ಡಿಸ್ಕನ್ನು ಕೊಂಡವನಲ್ಲ, ಡಿಸ್ಕನ್ನು ಕೊಂಡವನು ಆ ಕಳ್ಳನಲ್ಲ. ಕೊಂಡವನಿಗೂ ಕಟ್ಟುಪಾಡುಗಳುಂಟು: ಎರವಲು ತಂದ ಡಿಸ್ಕಿನಿಂದ ಪ್ರತಿ ಮಾಡಕೂಡದು; ಮಾಡಿದ ಪ್ರತಿಯನ್ನು ನೆರೆಮನೆಗೆ ಹಂಚಕೂಡದು; ಡಿಸ್ಕನ್ನು ಮಾರಿದ ದಿನ ಪ್ರತಿಯನ್ನೂ ಅಳಿಸತಕ್ಕದ್ದು. ಇಷ್ಟನ್ನು ಪಾಲಿಸುವವನಿಂದ ನಿರ್ಮಾಪಕನಿಗೆ ಬರಬೇಕಾದ ಒಂದು ಕಾಸೂ ತಪ್ಪಿಹೋಗದು.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುತ್ತದೆ. ಕನ್ನಡದ ಮೊದಲ ವಾಕ್ಚಿತ್ರವಾದ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಮೂಕಿ ಕಾಲದ ಚಿತ್ರಗಳ ಗತಿಯೂ ಬಹುಮಟ್ಟಿಗೆ ಅದೇ. ಪ್ರತಿಗಳು ಕೆಲವೇ ಇದ್ದು, ಅವೂ ಕೆಲವೇ ಕೈಗಳಲ್ಲಿದ್ದರೆ, ಆ ಕೈಗಳು ಅಲಕ್ಷ್ಯ ಮಾಡಿದೊಡನೆ ಕೃತಿಯು ನಾಮಾವಶೇಷವಾಗುತ್ತದೆ. ಚಲನಚಿತ್ರದ ಸ್ವಾಮ್ಯವಾದರೂ ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ. 1954ರ ‘ಬೇಡರ ಕಣ್ಣಪ್ಪ’ದ ಸ್ವಾಮ್ಯವು ಈ ಲೆಕ್ಕದಲ್ಲಿ 2014ರ ಕೊನೆಗೇ ತೀರಿತು. ಆದರೆ ಡಿಸ್ಕಿಗೆ ಹಾಕಿದ ಬೀಗವು ಅವಧಿ ಮುಗಿದ ದಿನ ತಾನಾಗಿ ಕಳಚಿಕೊಳ್ಳುವಂತಿಲ್ಲ. ಅದಕ್ಕೆ ವಲಯದ ಕಟ್ಟು ಬೇರೆ ಸೇರುತ್ತದೆ: ಭಾರತವು 5ನೆಯ ವಲಯ, ಅಮೆರಿಕವು 1ನೆಯದು. 5ನೆಯ ವಲಯದ ಗುರುತುಳ್ಳ ಕನ್ನಡ ಡಿಸ್ಕನ್ನು ಊರಿನಿಂದ ಕೊಂಡೊಯ್ದ ಅಮೆರಿಕದ ಕನ್ನಡಿಗನ ಮನೆಯ ಪ್ಲೇಯರು ಅದನ್ನು ನಿರಾಕರಿಸುತ್ತದೆ. ಅಲ್ಲಿಯ ಕಾಯಿದೆಯಲ್ಲಿ ನಮ್ಮಲ್ಲಿರುವಷ್ಟು ಔದಾರ್ಯವೂ ಅವನಿಗೆ ಲಭ್ಯವಿಲ್ಲ.

ಕೇಂದ್ರ ಸರ್ಕಾರವು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನ್ಯಾಯವಾಗಿ ಕೊಂಡ ಡಿಸ್ಕಿನ ಚಿತ್ರವನ್ನು ಸ್ವಂತದ ಬೇರೆ ಉಪಕರಣಗಳಿಗೆ ಪ್ರತಿ ಮಾಡಿಕೊಳ್ಳಬಹುದೆಂದು 52ನೆಯ ಪ್ರಕರಣದ ವಿವರಣೆಯಲ್ಲಿ ಹೆಸರೆತ್ತಿ ಹೇಳಲಿ. 65ಎ ಪ್ರಕರಣದ ದಾಖಲೆಯ ನಿಬಂಧನೆಯು ಮನೆಯವರೊಳಗಣ ನೆರವಿಗೆ ಅನ್ವಯಿಸದೆಂದು ಸೇರಿಸಲಿ. ಜನರಾದರೋ ಆ ತಿದ್ದುಪಡಿಗಾಗಿ ಕಾದು ಕುಳಿತರೆ ಡಿಸ್ಕುಗಳು ಕಾಯಲಾರವು. ಪ್ಲೇಯರೋ ಡ್ರೈವೋ ಇನ್ನೂ ಓಡುತ್ತಿರುವ ಮನೆಯವರು, ಬೀಗದ ತೊಡಕೇ ಇಲ್ಲದ ವಿಸಿಡಿಗಳಿಂದ ಈಗಲೇ ಕೆಲಸವನ್ನು ಆರಂಭಿಸಬಹುದು.