ಬೋರ್ಡಿನ ಮೇಲೆ ಹೆಸರಿದೆ, ನಂಬರೆಲ್ಲಿ?

ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಒಂದು ಚೀಲ ಶೇಂಗಾ ಕೊಳ್ಳುವ ಮೊದಲು ಹಿಡಿ ಕಾಯಿ ತೆಗೆದು ಒಡೆದು ನೋಡುತ್ತಾರೆ. ಬೀಜ ಗಟ್ಟಿಯೋ ಜೊಳ್ಳೋ ಅಂತ ಬಾಯಿಗೆ ಹಾಕಿ ಕಡಿಯುತ್ತಾರೆ. ಮೊಳಕಾಲ್ಮೂರಿನ ಸೀರೆ ಅಂಗಡಿಗೆ ಬಂದ ಹೆಂಗಸರು ಸೆರಗು ತಿರುಗಿಸಿ, ಜರಿ ಉಜ್ಜಿ, ರೇಷ್ಮೆ ಹೌದೋ ಅಲ್ಲವೋ ಅಂತ ಖಾತ್ರಿಯಾಗುವವರೆಗೆ ಸೊಂಟದ ಚೀಲ ಬಿಚ್ಚುವುದಿಲ್ಲ. ಅದೇ ಜನ ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಯಾವುದೋ ಡಾಕ್ಟರ ಶಾಪಿಗೆ ಹೋದಾಗ ಮಾತ್ರ, ಸೂಜಿ ಹಿಡಿದು ನಿಂತವರು ಯಾರು, ಏನು ಓದಿದ್ದಾರೆ ಅಂತ ಒಂದು ಮಾತು ಕೇಳುವುದಿಲ್ಲ. 'ಡಾಕ್ಟ್ರನ್ನ ಹಂಗೆಲ್ಲ ಕೇಳ್ತಾರೇನ್ರೀ?' ಅನ್ನುವುದೇ ಉತ್ತರ.

ಕೇಳಬಹುದು. ಕೇಳಬೇಕು ಅಂತ ಕಾನೂನೇ ದಾರಿ ಮಾಡಿಕೊಟ್ಟಿದೆ. ಕೇಳಬೇಕಾದದ್ದು ಉದ್ದನೆಯ ಪ್ರಶ್ನೆಯೂ ಅಲ್ಲ. 'ನಿಮ್ಮ ರಿಜಿಸ್ಟ್ರೇಷನ್ ನಂಬರ್ ಎಷ್ಟು, ಡಾಕ್ಟ್ರೇ?' ಅಷ್ಟೇ.

ಒಂದಲ್ಲ, ಎರಡು ನಂಬರು

ಇಲ್ಲಿ ಬಹಳ ಜನ ಎಡವುತ್ತಾರೆ. ವೈದ್ಯರಿಗೆ ಒಂದು ನಂಬರು, ಅವರು ಕೂತ ಕಟ್ಟಡಕ್ಕೆ ಇನ್ನೊಂದು ನಂಬರು.

ಮೊದಲನೆಯದು ವೈದ್ಯರ ಸ್ವಂತದ್ದು. ಎಂಬಿಬಿಎಸ್ ಮುಗಿಸಿದವರು ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಸಿದಾಗ ಸಿಗುವಂಥದ್ದು. ನಮ್ಮ ರಾಜ್ಯದಲ್ಲಿ ಈ ಕೆಲಸ ಕರ್ನಾಟಕ ವೈದ್ಯಕೀಯ ಪರಿಷತ್ತಿನದು. ಇದಕ್ಕೆ ಆಧಾರ 1961ರ ವೈದ್ಯಕೀಯ ನೋಂದಣಿ ಕಾಯ್ದೆ. ವೈದ್ಯರು ತಮ್ಮ ಈ ನಂಬರನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು, ಔಷಧಿ ಚೀಟಿಯ ಮೇಲೆ, ಸರ್ಟಿಫಿಕೇಟಿನ ಮೇಲೆ, ದುಡ್ಡು ಪಡೆದ ರಸೀತಿಯ ಮೇಲೆ ನಮೂದಿಸಬೇಕು ಅಂತ 2002ರ ವೈದ್ಯ ನೀತಿ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.

ಎರಡನೆಯದು ಕ್ಲಿನಿಕ್ಕಿನದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನರ ಬಾಯಲ್ಲಿ ಕೆಪಿಎಂಇ, ಒಂದು ಹಾಸಿಗೆ ಇಲ್ಲದ ಸಣ್ಣ ಕ್ಲಿನಿಕ್ಕಿನಿಂದ ಹಿಡಿದು ರಕ್ತ ಪರೀಕ್ಷೆಯ ಲ್ಯಾಬಿನವರೆಗೆ ಎಲ್ಲಕ್ಕೂ ಅನ್ವಯ. ನೋಂದಣಿ ಕೊಡುವ ಸಮಿತಿಗೆ ಚಿತ್ರದುರ್ಗದಲ್ಲಿ ಕೂತ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. 2017ರ ನವೆಂಬರಿನಲ್ಲಿ ಈ ಕಾಯ್ದೆಯ ತಿದ್ದುಪಡಿ ವಿರೋಧಿಸಿ ಖಾಸಗಿ ಡಾಕ್ಟರುಗಳು ರಾಜ್ಯವಿಡೀ ಬಾಗಿಲು ಹಾಕಿ ಕೂತದ್ದು ಜನ ಮರೆತಿಲ್ಲ. 2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಆದೇಶ ಹೊರಡಿಸಿತು. ಕೆಪಿಎಂಇ ನಂಬರು ಬೋರ್ಡಿನ ಮೇಲೆ ಇರಬೇಕು. ಇಂಗ್ಲಿಷ್ ಔಷಧಿಯ ಆಸ್ಪತ್ರೆಗೆ ತಿಳಿನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು. ಓದು ಬಾರದವರಿಗೂ ಬಣ್ಣ ಗೊತ್ತಾಗುತ್ತೆ ಅನ್ನುವುದು ಲೆಕ್ಕಾಚಾರ. ಲೆಕ್ಕಾಚಾರವೇನೋ ಸರಿ. ಆದರೆ ಬಣ್ಣ ಬಳಿಯುವುದು ಪೇಂಟರು, ಪರಿಷತ್ತಲ್ಲ. ನೀಲಿ ಬಣ್ಣದ ಡಬ್ಬಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅದಕ್ಕೇ ಬಣ್ಣ ನೋಡಿದರೆ ಸಾಲದು, ನಂಬರು ನೋಡಬೇಕು. ನಂಬರು ನೋಡಿದರೂ ಸಾಲದು, ಅದು ಯಾರದ್ದು ಅಂತ ತಾಳೆ ಹಾಕಬೇಕು.

ಯಾವ ಪಟ್ಟಿಯಲ್ಲಿ ಹುಡುಕೋದು?

ಎಂಬಿಬಿಎಸ್ ವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿ. ಆಯುರ್ವೇದ, ಯುನಾನಿಯವರಿಗೆ ಬೇರೆ ಮಂಡಳಿ, ಹೋಮಿಯೋಪತಿಗೆ ಮತ್ತೊಂದು, ಹಲ್ಲಿನ ಡಾಕ್ಟರಿಗೆ ದಂತ ಪರಿಷತ್ತು, ನರ್ಸಮ್ಮನವರಿಗೆ ಶುಶ್ರೂಷಾ ಪರಿಷತ್ತು, ಮೆಡಿಕಲ್ ಶಾಪಿನ ಫಾರ್ಮಸಿಸ್ಟರಿಗೆ ಫಾರ್ಮಸಿ ಪರಿಷತ್ತು. ಹೋಮಿಯೋಪತಿಯವರ ಹೆಸರು ಎಂಬಿಬಿಎಸ್ ಪಟ್ಟಿಯಲ್ಲಿ ಇಲ್ಲ ಅಂತ 'ನಕಲಿ' ಎಂದು ಕೂಗಿದರೆ ಅದು ಅನ್ಯಾಯ. ಅವರ ಪಟ್ಟಿಯೇ ಬೇರೆ.

ಇಡೀ ದೇಶದ ಪಟ್ಟಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಬಳಿ ಇದೆ. ಮೊಬೈಲ್ ಇದ್ದವರು ಹೆಸರನ್ನೋ ನಂಬರನ್ನೋ ಹಾಕಿ, ರಾಜ್ಯದ ಪರಿಷತ್ತು ಯಾವುದು ಅಂತ ಆರಿಸಿ ಪುಕ್ಕಟೆ ನೋಡಬಹುದು. ವೈದ್ಯರ ಹೆಸರು, ತಂದೆಯ ಹೆಸರು, ಓದಿದ ಪದವಿ, ವಿಶ್ವವಿದ್ಯಾಲಯ, ನೋಂದಣಿಯಾದ ವರ್ಷ ಇವೆಲ್ಲ ಬರುತ್ತವೆ. ತಾಳೆ ಹಾಕಬೇಕಾದ್ದು ಇಲ್ಲೇ. ಬೋರ್ಡಿನ ಮೇಲಿನ ನಂಬರು ಪಟ್ಟಿಯಲ್ಲಿ ಇದೆ, ಸರಿ. ಆದರೆ ಅಲ್ಲಿರುವ ಹೆಸರು ಇವರದೇನಾ? 1975ರಲ್ಲಿ ನೋಂದಣಿಯಾದವರು ಮೂವತ್ತು ವರ್ಷದ ಹುಡುಗನಂತೆ ಕಂಡರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ. ಬೇರೆಯವರ ನಂಬರು ಎರವಲು ಪಡೆಯುವುದು ಸುಲಭ, ವಯಸ್ಸು ಎರವಲು ಪಡೆಯುವುದು ಕಷ್ಟ.

2024ರ ಆಗಸ್ಟಿನಲ್ಲಿ ಆಯೋಗ ಹೊಸದಾಗಿ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರನ್ನೂ ಶುರು ಮಾಡಿತು. ಹೊಸ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲ ಅಂದ ಮಾತ್ರಕ್ಕೆ ಡಾಕ್ಟರು ಸುಳ್ಳು ಅಂತ ತೀರ್ಮಾನಿಸಬಾರದು. ಹೆಸರಿನ ಅಕ್ಷರ ಹೆಚ್ಚುಕಮ್ಮಿ ಆದರೂ ಸಿಗುವುದಿಲ್ಲ. ಆಗ ರಾಜ್ಯ ಪರಿಷತ್ತಿನ ಪಟ್ಟಿ ನೋಡಬೇಕು, ಇಲ್ಲವೆ ತಾಲೂಕು ಆರೋಗ್ಯಾಧಿಕಾರಿಯನ್ನು ಕೇಳಬೇಕು.

ಅಮೆರಿಕದಲ್ಲಿ ಪ್ರತಿ ವೈದ್ಯರಿಗೂ ಹತ್ತು ಅಂಕಿಯ ಒಂದು ನಂಬರಿದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಅಲ್ಲೂ ಆ ನಂಬರು 'ಇವರು ಯಾರು' ಅಂತ ಮಾತ್ರ ಹೇಳುತ್ತೆ. ವೈದ್ಯ ಮಾಡಲು ಪರವಾನಗಿ ಇದೆಯೋ ಇಲ್ಲವೋ ಅಂತ ಆಯಾ ರಾಜ್ಯದ ಮಂಡಳಿಯನ್ನೇ ಕೇಳಬೇಕು. ಅಂದರೆ ನಂಬರು ಬಾಗಿಲು ಮಾತ್ರ, ಒಳಗೆ ಹೋಗಿ ನೋಡುವ ಕೆಲಸ ಎಲ್ಲ ಕಡೆಯೂ ಉಳಿದೇ ಇರುತ್ತೆ.

ಗಡಿ ಊರಿನ ಪಾಡು

ಮೊಳಕಾಲ್ಮೂರಿನಿಂದ ರಾಯದುರ್ಗ ಕೂಗಳತೆ. ಪರಶುರಾಂಪುರದ ಕಡೆಯೂ ಆಂಧ್ರ ಪಕ್ಕದಲ್ಲೇ. ಜನ ಕನ್ನಡದಲ್ಲಿ ವ್ಯಾಪಾರ ಮಾಡಿ ತೆಲುಗಿನಲ್ಲಿ ಬೀಗತನ ಮಾಡುತ್ತಾರೆ. ಕಾಯಿಲೆಗೂ ಗಡಿ ಇಲ್ಲ, ಅತ್ತಿಂದಿತ್ತ ಹೋಗಿಬರುತ್ತದೆ. ಹಾಗಾಗಿ 'ನಂದು ಆಂಧ್ರದ ರಿಜಿಸ್ಟ್ರೇಷನ್' ಅನ್ನುವ ಮಾತು ಇಲ್ಲಿ ಸಲೀಸು. ಅದು ನಿಜವೇ ಇರಬಹುದು. ನಿಜವಾದರೆ ಆಂಧ್ರದ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಇಲ್ಲಿ ಕ್ಲಿನಿಕ್ಕು ತೆರೆದ ಮೇಲೆ ಕ್ಲಿನಿಕ್ಕಿಗೆ ಕೆಪಿಎಂಇ ನಂಬರು ಕರ್ನಾಟಕದ್ದೇ ಆಗಬೇಕು. ಗಡಿಯ ಆಚೆ ಕೇಳಿದರೆ ಈಚೆ, ಈಚೆ ಕೇಳಿದರೆ ಆಚೆ ಅಂತ ಕೈ ತೋರಿಸುವವರ ಮಾತಿಗೆ ಮರುಳಾಗಬಾರದು.

ಇನ್ನು 'ಆರ್‌ಎಂಪಿ' ಅನ್ನುವ ಮೂರಕ್ಷರ. ಕಾನೂನಿನಲ್ಲಿ ಇದರ ಅರ್ಥ ನೋಂದಾಯಿತ ವೈದ್ಯ. ಹಳ್ಳಿಯಲ್ಲಿ ಇದರ ಅರ್ಥ ತಿರುಗಾಮುರುಗಾ ಆಗಿದೆ. ಎಲ್ಲೂ ನೋಂದಣಿ ಇಲ್ಲದೆ, ಯಾರದ್ದೋ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕಂಪೌಂಡರಾಗಿದ್ದು ಊರಿಗೆ ಬಂದು ಬ್ಯಾಗು ಹಿಡಿದವರನ್ನೇ ಜನ ಆರ್‌ಎಂಪಿ ಅಂತಾರೆ.

ಸೂಜಿಯ ಬೆಲೆ

ಇದರಲ್ಲಿ ಏನು ಮುಳುಗಿತು ಅನ್ನುವವರಿದ್ದಾರೆ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮವು ಪ್ರದೇಶದಲ್ಲಿ ಹತ್ತಾರು ಜನಕ್ಕೆ ಎಚ್‌ಐವಿ ಸೋಂಕು ಪತ್ತೆಯಾಯಿತು. ಅರ್ಹತೆ ಇಲ್ಲದೆ ಅಗ್ಗದಲ್ಲಿ ಚಿಕಿತ್ಸೆ ಕೊಡುತ್ತಾ ಒಂದೇ ಸೂಜಿಯನ್ನು ಹಲವರಿಗೆ ಚುಚ್ಚಿದ ಆರೋಪ ಒಬ್ಬನ ಮೇಲೆ ಬಂತು. ಉಳಿತಾಯವಾದದ್ದು ಕೆಲವು ರೂಪಾಯಿ. ಸ್ಟಿರಾಯ್ಡ್ ಚುಚ್ಚಿದರೆ ಮೈಕೈ ನೋವು ಸಂಜೆಗೇ ಇಳಿಯುತ್ತೆ, 'ಕೈಗುಣ ಚೆನ್ನಾಗಿದೆ' ಅನ್ನುವ ಹೆಸರೂ ಬರುತ್ತೆ. ಪದೇಪದೇ ಚುಚ್ಚಿಸಿಕೊಂಡವರಿಗೆ ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ, ಒಳಗಿನ ಸೋಂಕು ಮುಚ್ಚಿಹೋಗಿ ಕಡೆಗೆ ಕೈಮೀರುತ್ತೆ. ಮಗ್ಗದ ಗುಂಡಿಯಲ್ಲಿ ಕೂತು ದಿನವಿಡೀ ಕಾಲಾಡಿಸುವ ನೇಕಾರನಿಗೆ ಮೂಳೆ ಸವೆದರೆ ಮನೆಯ ಒಲೆ ಆರಿದಂತೆ.

ಓದಿದ ವೈದ್ಯರೂ ತಮ್ಮ ಪದ್ಧತಿ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ ತಪ್ಪೇ. 1996ರಲ್ಲಿ ಸುಪ್ರೀಂ ಕೋರ್ಟು ಪೂನಂ ವರ್ಮಾ ಪ್ರಕರಣದಲ್ಲಿ ಇದನ್ನೇ ಹೇಳಿತು. ಹೋಮಿಯೋಪತಿ ಓದಿದವರು ಇಂಗ್ಲಿಷ್ ಔಷಧಿ ಕೊಟ್ಟಿದ್ದರು, ರೋಗಿ ತೀರಿಕೊಂಡರು. ತನಗೆ ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವರು ನಕಲಿ ವೈದ್ಯರೇ ಅಂದ ಕೋರ್ಟು, ವಿಧವೆಗೆ ಮೂರು ಲಕ್ಷ ಪರಿಹಾರ ಕೊಡಿಸಿತು.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಿ ಮಾರಿದರೆ, ಚೀಟಿ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಂಬರಿಲ್ಲದ ಚೀಟಿಗೆ ಔಷಧಿ ಕೊಟ್ಟ ಮೆಡಿಕಲ್ ಶಾಪಿನವರು ನಾಳೆ ತಪಾಸಣೆಗೆ ಬಂದವರಿಗೆ ಏನು ತೋರಿಸುತ್ತಾರೆ?

ದೂರು ಯಾರ ಹತ್ತಿರ?

ಇದು ಇನ್ನೊಂದು ಗೊಂದಲ. ವೈದ್ಯಕೀಯ ಪರಿಷತ್ತಿನ ಕೈ ಚಾಚುವುದು ತನ್ನ ಪಟ್ಟಿಯಲ್ಲಿರುವವರ ಮೇಲೆ ಮಾತ್ರ. ಪಟ್ಟಿಯಲ್ಲೇ ಇಲ್ಲದವರ ಹೆಸರು ಹೊಡೆದುಹಾಕುವುದು ಹೇಗೆ? ಹಾಗಾಗಿ ಅಸಲಿ ಡಾಕ್ಟರ ನಿರ್ಲಕ್ಷ್ಯಕ್ಕೆ ಪರಿಷತ್ತು, ನಕಲಿಗೆ ತಾಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಪೊಲೀಸು. ತಪ್ಪು ಬಾಗಿಲು ತಟ್ಟಿ ಆರು ತಿಂಗಳು ಕಾದು, 'ಏನೂ ಆಗಲ್ಲ ಬಿಡ್ರಿ' ಅಂತ ಕೈಚೆಲ್ಲುವವರೇ ಹೆಚ್ಚು. 1956ರ ಹಳೆಯ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ಚಿಕಿತ್ಸೆ ಮಾಡಿದವರಿಗೆ ದಂಡ ಬರೀ ಒಂದು ಸಾವಿರ. 2019ರ ಕಾಯ್ದೆಯಲ್ಲಿ ಅದು ಐದು ಲಕ್ಷದವರೆಗೆ ಏರಿತು. ಜೈಲು ಎರಡರಲ್ಲೂ ಒಂದು ವರ್ಷದವರೆಗೆ. ದಂಡ ಏರಿದೆ, ಹಿಡಿಯುವ ಕೈ ಚುರುಕಾಗಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತೆ. ರಾತ್ರಿ ಹತ್ತಕ್ಕೆ ಹೆತ್ತತಾಯಿ ಹೊಟ್ಟೆನೋವಿನಿಂದ ಒದ್ದಾಡುವಾಗ, ಊರಿಗೆ ಬಸ್ಸಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ಹಾಕಿದೆ, ಕೂಗಿದರೆ ಬರುವವರು ಆ ಬ್ಯಾಗಿನವರೊಬ್ಬರೇ. ಅವರ ನಂಬರು ಕೇಳುವ ಧೈರ್ಯ ಯಾರಿಗಿದೆ? ನಕಲಿಯವರನ್ನು ಓಡಿಸಿ ಅಸಲಿಯವರನ್ನು ಕಳಿಸದಿದ್ದರೆ ಜನ ಮತ್ತೆ ನಕಲಿಯ ಮನೆಯನ್ನೇ ಹುಡುಕಿಕೊಂಡು ಹೋಗುತ್ತಾರೆ. ದಾಳಿ ಮಾಡಿ ಫೋಟೋ ತೆಗೆಸಿಕೊಳ್ಳುವ ಇಲಾಖೆ ಇದಕ್ಕೂ ಉತ್ತರ ಕೊಡಬೇಕು.

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸ ಆಗಬಹುದು. ತಾಲೂಕಿನಲ್ಲಿ ಕೆಪಿಎಂಇ ನೋಂದಣಿ ಇರುವ ಕ್ಲಿನಿಕ್ಕುಗಳು ಎಷ್ಟು, ಅಲ್ಲಿ ಕೂರುವ ವೈದ್ಯರು ಯಾರು, ಅವರ ನಂಬರೇನು ಅನ್ನುವ ಪಟ್ಟಿ ಜಿಲ್ಲಾ ಕಚೇರಿಯ ಕಡತದಲ್ಲಿ ಇರಲೇಬೇಕು. ಅದನ್ನು ಕನ್ನಡದಲ್ಲೂ ತೆಲುಗಿನಲ್ಲೂ ದಪ್ಪಕ್ಷರದಲ್ಲಿ ಬರೆಸಿ ಚಳ್ಳಕೆರೆ, ಮೊಳಕಾಲ್ಮೂರು ಬಸ್ ಸ್ಟ್ಯಾಂಡುಗಳ ಗೋಡೆಗೆ, ಗ್ರಾಮ ಪಂಚಾಯಿತಿಗಳ ಬಾಗಿಲಿಗೆ ಹಾಕಲಿ. ಬಸ್ಸು ಕಾಯುವವರಿಗೆ ಓದಲು ಹೊತ್ತಿರುತ್ತೆ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆ ಇಡಿ, ಸತ್ಯ ನುಡಿಯಿರಿ ಅಂತ ಅದರಲ್ಲಿದೆ. ಅದನ್ನು ಬರೆದ ಚಪಡ ಅನ್ನುವ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು ಹಾಕಿದ್ದಾನೆ, ತನ್ನ ಕಸುಬನ್ನೂ ಹೇಳಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಕಲ್ಲಿನ ಮೇಲೆ ಬರೆದವನು ತಾನು ಯಾರು ಅಂತ ಮುಚ್ಚಿಡಲಿಲ್ಲ. ಮನುಷ್ಯರ ಮೈಗೆ ಸೂಜಿ ಹಾಕುವವರು ಒಂದು ಚೀಟಿಯ ಮೇಲೆ ಹೆಸರು, ನಂಬರು ಬರೆಯಲು ಹಿಂದೆಮುಂದೆ ನೋಡಿದರೆ, ಜನ ಆ ಚೀಟಿ ಅಲ್ಲೇ ಬಿಟ್ಟು ಎದ್ದು ಬರುವುದು ಒಳ್ಳೆಯದು.