ಬಾವುಟವೋ ಅಂಕವೋ: ಬದಲಾಗುತ್ತಿರುವ ಕರಾಟೆ ಸ್ಪರ್ಧೆ

2021ರ ಆಗಸ್ಟ್ 7ರಂದು ಟೋಕಿಯೊದ ನಿಪ್ಪಾನ್ ಬುಡೋಕಾನ್‌ನಲ್ಲಿ ಒಲಿಂಪಿಕ್ಸ್ ಕರಾಟೆಯ ಕೊನೆಯ ಫೈನಲ್‌ಗಳು ನಡೆದವು. ಪುರುಷರ 75 ಕೆ.ಜಿ.ಗಿಂತ ಮೇಲಿನ ಕುಮಿತೆ (ಇಬ್ಬರ ನಡುವಿನ ಕಾದಾಟ) ವಿಭಾಗದಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮ್ದಿ 4–1ರಿಂದ ಮುಂದಿದ್ದರು. ಗೆದ್ದರೆ ಅವರ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ. ಅಷ್ಟರಲ್ಲಿ ಅವರು ಮೇಲಕ್ಕೆ ಬೀಸಿದ ಕಿಕ್ ತಗುಲಿ ಇರಾನಿನ ಸಜ್ಜಾದ್ ಗಂಜ್‌ಜಾದೆ ನೆಲಕ್ಕೆ ಬಿದ್ದರು. ಅವರನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ಯಬೇಕಾಯಿತು. ರೆಫರಿಗಳು ಸೇರಿ ಮಾತಾಡಿಕೊಂಡರು, ಹಮ್ದಿಯನ್ನು ಅನರ್ಹಗೊಳಿಸಿದರು. ಬಿದ್ದವರಿಗೆ ಚಿನ್ನ ಬಂತು, ನಿಂತಿದ್ದವರಿಗೆ ಬೆಳ್ಳಿ ಸಿಕ್ಕಿತು.

ಟಿ.ವಿ.ಯಲ್ಲಿ ಮೊದಲ ಸಲ ಕರಾಟೆ ನೋಡಿದವರಿಗೆ ಇದು ತಲೆಕೆಳಗಾದ ನ್ಯಾಯದಂತೆ ಕಂಡಿತು. ಬಾಕ್ಸಿಂಗ್‌ನಲ್ಲಾದರೆ ಅದೇ ಏಟಿಗೆ ಪಂದ್ಯವೇ ಕೈಗೆ ಬರುತ್ತದೆ. ಕರಾಟೆ ಬಲ್ಲವರಿಗೆ ಮಾತ್ರ ಅದರಲ್ಲಿ ಅಚ್ಚರಿಯೇನಿರಲಿಲ್ಲ. ವಿಶ್ವ ಕರಾಟೆ ಫೆಡರೇಷನ್ನಿನ ಕುಮಿತೆಯಲ್ಲಿ ತಲೆಗೆ ಒದೆಯುವ ಕಾಲು ಗುರಿ ಮುಟ್ಟಬೇಕು, ಆದರೆ ಎದುರಾಳಿಯನ್ನು ಉರುಳಿಸಬಾರದು. ವೇಗ, ದೂರ, ಸಮಯ ಎಲ್ಲ ಕೂಡಿಬಂದ ಒದೆತವನ್ನು ಕೊನೆಯ ಕ್ಷಣದಲ್ಲಿ ಹಿಡಿದು ನಿಲ್ಲಿಸುವುದೇ ಇಲ್ಲಿನ ಕೌಶಲ. ಮೂರು ಅಂಕ ಸಿಗುವುದು ಆ ಹಿಡಿತಕ್ಕೆ. ಹಮ್ದಿಯ ಕಾಲು ಒಂದಿಷ್ಟು ಮೊದಲೇ ನಿಂತಿದ್ದರೆ 7–1 ಆಗುತ್ತಿತ್ತು.

ಆ ತೀರ್ಪು ನಿಯಮಕ್ಕೆ ಹೊಂದುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಕ್ರೀಡೆಯನ್ನು ಜಗತ್ತಿಗೆ ತೋರಿಸಲು ಹೊರಟವರ ಎದುರಿಗೆ ಆ ಸಂಜೆ ಒಂದು ಕಷ್ಟವನ್ನು ಇಟ್ಟಿತು. ಹೊರಗಿನವರಿಗೆ ಅರ್ಥವಾಗುವಂತೆ ಆಟವನ್ನು ತಿದ್ದಬೇಕೆ, ಅಥವಾ ಆಟ ಇರುವಂತೆಯೇ ಇರಲಿ, ನೋಡುವವರು ಕಲಿತುಕೊಳ್ಳಲಿ ಎನ್ನಬೇಕೆ? ಕಳೆದ ಎರಡೂವರೆ ದಶಕಗಳಲ್ಲಿ ಆದ ಹೆಚ್ಚಿನ ಬದಲಾವಣೆಗಳ ಹಿಂದೆ ಇರುವುದು ಈ ಜಗ್ಗಾಟವೇ.

ಕರಾಟೆಗೆ ಸ್ಪರ್ಧೆ ಬೇಕೇ ಎಂಬುದೇ ಒಂದು ಕಾಲಕ್ಕೆ ವಿವಾದವಾಗಿತ್ತು. ಒಕಿನಾವಾದಿಂದ ಈ ವಿದ್ಯೆಯನ್ನು ಜಪಾನಿನ ಮುಖ್ಯ ದ್ವೀಪಕ್ಕೆ ತಂದ ಗಿಚಿನ್ ಫುನಕೋಶಿ ಅವರಿಗೆ ಗೆಲುವು–ಸೋಲಿನ ಪಂದ್ಯಗಳ ಬಗ್ಗೆ ಒಲವಿರಲಿಲ್ಲ. ಅವರು ತೀರಿಕೊಂಡದ್ದು 1957ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜಪಾನ್ ಕರಾಟೆ ಅಸೋಸಿಯೇಷನ್ ತನ್ನ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸಿತು. ಆ ಪಂದ್ಯಗಳ ಲೆಕ್ಕ ಸರಳ: ಒಂದು ನಿರ್ಣಾಯಕ ಹೊಡೆತ, ಅಲ್ಲಿಗೆ ಮುಗಿಯಿತು. ಒಂದೇ ತಪ್ಪಿಗೆ ಸೋಲು ಎಂದ ಮೇಲೆ ಇಬ್ಬರೂ ಬಹಳ ಹೊತ್ತು ಅಲುಗದೆ ನಿಂತು ನೋಡುತ್ತಿದ್ದರು. ಬಲ್ಲವರಿಗೆ ಆ ನಿಲುವಿನಲ್ಲೇ ರೋಮಾಂಚನವಿತ್ತು, ಹೊರಗಿನವರಿಗೆ ಏನೂ ನಡೆಯದಂತೆ ತೋರುತ್ತಿತ್ತು. 1970ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು, 1977ರಲ್ಲಿ ಅದಕ್ಕೆ ಕಟಾ (ಒಬ್ಬರೇ ಮಾಡಿ ತೋರಿಸುವ ಚಲನೆಗಳ ಸರಣಿ) ಸೇರಿತು, 1980ರಲ್ಲಿ ತೂಕದ ವಿಭಾಗಗಳು ಬಂದವು. ಒಂದು ಹೊಡೆತದ ಜಾಗದಲ್ಲಿ ಮೂರು ಪೂರ್ಣ ಅಂಕಗಳ ಲೆಕ್ಕ ಬಂತು.

ದೊಡ್ಡ ತಿರುವು 2000ದ ಹೊತ್ತಿನದು. ಕೈಯ ಹೊಡೆತಕ್ಕೆ ಒಂದು, ದೇಹದ ಮಧ್ಯಭಾಗಕ್ಕೆ ಹಾಕಿದ ಒದೆತಕ್ಕೆ ಎರಡು, ತಲೆಗೆ ಹಾಕಿದ ಒದೆತಕ್ಕೆ ಮೂರು ಅಂಕ. ಎದುರಾಳಿಯನ್ನು ಕೆಡವಿ ತಕ್ಷಣ ಹೊಡೆದರೂ ಮೂರು. ಎಂಟು ಅಂಕಗಳ ಅಂತರವಾದರೆ ಪಂದ್ಯ ಅಲ್ಲಿಗೇ ಮುಕ್ತಾಯ. ಇದರಿಂದ ಆಟ ಬಿಚ್ಚಿಕೊಂಡಿತು. ಎರಡು ಅಂಕ ಹಿಂದಿರುವವರಿಗೂ ಕೊನೆಯ ಹತ್ತು ಸೆಕೆಂಡಿನಲ್ಲಿ ಒಂದು ಒದೆತದಿಂದ ಗೆಲ್ಲುವ ದಾರಿ ಉಳಿಯಿತು. ಕುಳ್ಳಗಿದ್ದು ಕಾಲು ಚುರುಕಾಗಿರುವವರಿಗೆ, ಕೆಡವುವ ಕಲೆ ಬಲ್ಲವರಿಗೆ ಬೆಲೆ ಬಂತು. ಹಳಬರ ಆಕ್ಷೇಪವೂ ಸುಳ್ಳಲ್ಲ. ಹೊಡೆದು ಮುಗಿಸುವ ಮನೋಭಾವದ ಜಾಗದಲ್ಲಿ ಅಂಕ ಕೂಡಿಸುವ ಮನೋಭಾವ ಬಂತು. ಪಾದಗಳು ನೆಲಕ್ಕೆ ಅಂಟಿ ನಿಲ್ಲುತ್ತಿದ್ದ ಕಡೆ ಈಗ ಕುಮಿತೆಯವರು ಮೂರೂ ನಿಮಿಷ ಪುಟಿಯುತ್ತಲೇ ಇರುತ್ತಾರೆ. ಕಟಾ ಕಲಿಸುವ ನಿಲುವಿಗೂ ಕುಮಿತೆ ಬೇಡುವ ನಿಲುವಿಗೂ ನಂಟು ತೆಳುವಾಗುತ್ತ ಬಂದಿದೆ. ಒಂದೇ ವಿದ್ಯೆಯ ಎರಡು ಕೊಂಬೆಗಳಲ್ಲಿ ಒಂದರಲ್ಲಿ ಪಳಗಿದವರು ಇನ್ನೊಂದರ ಅಂಕಣಕ್ಕೆ ಕಾಲಿಡುವುದೇ ಅಪರೂಪವಾಗಿದೆ. ನನಗೆ ಇದು ನಿಜವಾದ ನಷ್ಟ ಅನಿಸುತ್ತದೆ.

2017ರ ಹೊತ್ತಿಗೆ ಕುಮಿತೆಗೆ ಸೆನ್ಶು ಎಂಬ ನಿಯಮ ಬಂತು. ಎದುರಾಳಿಗಿಂತ ಮೊದಲು ಒಂಟಿಯಾಗಿ ಅಂಕ ಪಡೆದವರ ಹೆಸರಿನ ಪಕ್ಕ ಒಂದು ಗುರುತು ಬೀಳುತ್ತದೆ. ಕೊನೆಗೆ ಅಂಕ ಸಮವಾದರೆ ಗೆಲುವು ಅವರದು. ಅದಕ್ಕೂ ಮೊದಲು ಸಮಬಲದ ಪಂದ್ಯವನ್ನು ತೀರ್ಪುಗಾರರ ಬಾವುಟಗಳು ತೀರ್ಮಾನಿಸುತ್ತಿದ್ದವು. ಯಾರ ಆಟ ಮೇಲು ಎಂಬ ಅಂದಾಜಿಗೆ ಪಕ್ಷಪಾತದ ನೆರಳು ತಾಗುವುದು ಸುಲಭ. ಸೆನ್ಶು ಆ ನೆರಳನ್ನು ಬಹುಮಟ್ಟಿಗೆ ತೆಗೆಯಿತು, ಮೊದಲ ಸೆಕೆಂಡಿನಿಂದಲೇ ಮುನ್ನುಗ್ಗುವವರಿಗೆ ಬಹುಮಾನ ಕೊಟ್ಟಿತು. ಆದರೆ ಮುನ್ನಡೆ ಸಿಕ್ಕ ಮೇಲೆ ಓಡಾಡಿಕೊಂಡು ಸಮಯ ಕಳೆಯುವುದಕ್ಕೂ ಅದೇ ದಾರಿಯಾಯಿತು. ಇದನ್ನು ತಡೆಯಲು, ಕೊನೆಯ 15 ಸೆಕೆಂಡಿನಲ್ಲಿ ತಪ್ಪಿಸಿಕೊಂಡು ಓಡಿದರೆ, ಅಂಕಣ ಬಿಟ್ಟು ಹೊರಗೆ ಕಾಲಿಟ್ಟರೆ ಸೆನ್ಶು ಕಳೆದುಹೋಗುತ್ತದೆ ಎಂಬ ಉಪನಿಯಮ ಸೇರಿತು. ಕಬಡ್ಡಿಯಲ್ಲಿ ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದು ಮಾಡು–ಇಲ್ಲವೇ–ಮಡಿ ಆಗುವುದನ್ನು ನೋಡಿದವರಿಗೆ ಈ ತರ್ಕ ಹೊಸದಲ್ಲ. ಸುಮ್ಮನೆ ಕಾಲ ತಳ್ಳುವುದನ್ನು ನಿಯಮವೇ ದುಬಾರಿಯಾಗಿಸಬೇಕು. ಬಾವುಟದ ಅಂದಾಜಿಗಿಂತ ಸೆನ್ಶು ವಾಸಿ ಎಂಬ ಕಡೆಗೆ ನನ್ನ ಮತ. ಸೋತವರಿಗೆ ತಾವು ಯಾಕೆ ಸೋತೆವು ಎಂಬುದಾದರೂ ಗೊತ್ತಿರುತ್ತದೆ.

ವಿಡಿಯೊ ಮರುಪರಿಶೀಲನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೋಚ್ ಕೈಯಲ್ಲಿ ಒಂದು ಕಾರ್ಡು. ತನ್ನ ಕ್ರೀಡಾಪಟುವಿಗೆ ಸಿಗಬೇಕಾದ ಅಂಕ ತಪ್ಪಿದೆ ಅನಿಸಿದರೆ ಎತ್ತಿ ತೋರಿಸಬಹುದು, ಮನವಿ ಬಿದ್ದುಹೋದರೆ ಕಾರ್ಡೂ ಹೋಗುತ್ತದೆ. ನಾಲ್ಕು ಮೂಲೆಯಲ್ಲಿ ಕೂತವರ ಕಣ್ಣಿಗೆ ಬೀಳದ ಒದೆತ ಕ್ಯಾಮೆರಾಕ್ಕೆ ಬೀಳುತ್ತದೆ. ಪಂದ್ಯ ನಿಂತು ನಿಂತು ಸಾಗುತ್ತದೆ ಎಂಬ ಗೊಣಗಾಟ ನ್ಯಾಯದ ಮುಂದೆ ಸಣ್ಣದು.

ಕಟಾದಲ್ಲಿ ತೀರ್ಪು ಕೊಡುವುದು ಇಷ್ಟು ಸುಲಭವಲ್ಲ. ಅಲ್ಲಿ ಏಟು ತಾಗಿತೇ ಇಲ್ಲವೇ ಎಂದು ನೋಡಲು ಎದುರಾಳಿಯೇ ಇಲ್ಲ. ಒಬ್ಬರೇ ನಿಂತು, ಮೊದಲೇ ಗೊತ್ತಿರುವ ಚಲನೆಗಳನ್ನು ಮಾಡಿ ತೋರಿಸಬೇಕು. ಬಹಳ ವರ್ಷ ಇದಕ್ಕೆ ಬಾವುಟ ಪದ್ಧತಿ ಇತ್ತು. ಕೆಂಪು ಬೆಲ್ಟಿನವರು ಮಾಡುತ್ತಾರೆ, ನೀಲಿ ಬೆಲ್ಟಿನವರು ಮಾಡುತ್ತಾರೆ, ಸೀಟಿ ಊದಿದೊಡನೆ ಐವರು ತೀರ್ಪುಗಾರರು ಒಟ್ಟಿಗೆ ಬಾವುಟ ಎತ್ತುತ್ತಾರೆ. ಎಲ್ಲರ ಕಣ್ಣೆದುರಿನ ತೀರ್ಮಾನ, ಯಾರು ಯಾರ ಪರ ಎಂಬುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅದರ ಕೊರತೆಯೆಂದರೆ 3–2ರಲ್ಲಿ ಸೋತವರಿಗೆ ತಾವು ಎಷ್ಟು ಹಿಂದಿದ್ದೆವು ಎಂಬುದು ಗೊತ್ತಾಗುವುದಿಲ್ಲ. ಇಬ್ಬರು ಅತ್ಯುತ್ತಮರು ಡ್ರಾದ ಒಂದೇ ಬದಿಯಲ್ಲಿ ಬಿದ್ದರೆ ಒಬ್ಬರು ಬೇಗ ಹೊರಬೀಳುತ್ತಾರೆ.

2019ರಲ್ಲಿ ಅಂಕ ಪದ್ಧತಿ ಬಂತು. ಆಗ ಏಳು ತೀರ್ಪುಗಾರರು 5ರಿಂದ 10ರವರೆಗೆ ಅಂಕ ಕೊಡುತ್ತಿದ್ದರು. ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಕೈಬಿಟ್ಟು ಉಳಿದ ಮೂರನ್ನು ಕೂಡಿಸುತ್ತಿದ್ದರು. ನಿಲುವು, ಉಸಿರು, ಸಮಯ, ತಂತ್ರಗಳಿಗೆ ಶೇ 70, ಬಲ, ವೇಗ, ಸಮತೋಲನಕ್ಕೆ ಶೇ 30 ಇತ್ತು. ಅಂಕ ಕರಾಟೆಗೆ ಪೂರ್ತಿ ಹೊಸದೇನಲ್ಲ, ಬಾವುಟಕ್ಕೂ ಹಿಂದಿನ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಅಂಕಗಳೇ ಇದ್ದವು. ಟೋಕಿಯೊ ಒಲಿಂಪಿಕ್ಸ್ ನಡೆದದ್ದು ಈ ಹೊಸ ಲೆಕ್ಕದಲ್ಲಿ. ಮಹಿಳೆಯರ ಫೈನಲ್‌ನಲ್ಲಿ ಸ್ಪೇನಿನ ಸಾಂದ್ರಾ ಸಾಂಚೆಜ್ 28.06, ಜಪಾನಿನ ಕಿಯೂ ಶಿಮಿಜು 27.88. ಮೂವತ್ತರಲ್ಲಿ 0.18ರ ಅಂತರ. ಬಾವುಟವಾಗಿದ್ದರೆ ಶಿಮಿಜುಗೆ ತಾನು ಇಷ್ಟು ಹತ್ತಿರ ಬಂದಿದ್ದೆ ಎಂದು ತಿಳಿಯುತ್ತಿರಲಿಲ್ಲ. ಅಂಕದ ಪರವಾಗಿ ಇರುವ ದೊಡ್ಡ ವಾದ ಇದು.

ಎದುರು ವಾದವೂ ಅದೇ ಅಂಕಿಯಲ್ಲಿದೆ. ಕಣ್ಣಳತೆಯಲ್ಲಿ ನೋಡುವ ಮನುಷ್ಯರು 0.18ರಷ್ಟು ವ್ಯತ್ಯಾಸವನ್ನು ನಿಜಕ್ಕೂ ಅಳೆಯಬಲ್ಲರೇ? ಅಂಕ ಕೊಡುವವರು ಮೊದಲು ಬಂದವರಿಗೆ ಕೈ ಬಿಗಿಹಿಡಿದು, ಹೆಸರಾಂತರಿಗೆ ಮೇಲಿನ ಅಂಕ ಕಾದಿಡುತ್ತಾರೆ ಎಂಬ ಸಂಶಯ ಜಿಮ್ನಾಸ್ಟಿಕ್ಸ್‌ನಿಂದ ಹಿಡಿದು ಎಲ್ಲ ಅಂಕದ ಆಟಗಳಿಗೂ ಅಂಟಿದೆ. ಇಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿ ಯಾರು ಮೇಲು ಎಂದು ಹೇಳುವುದು ಕಣ್ಣಿಗೆ ಸಹಜ. ಒಬ್ಬೊಬ್ಬರಿಗೂ ಬೇರೆ ಬೇರೆ ಬೆಲೆ ಕಟ್ಟುವುದು ಹಾಗಲ್ಲ.

ಇಲ್ಲಿ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಒಕಿನಾವಾದ ರಿಯೊ ಕಿಯೂನಾ 2014, 2016, 2018ರಲ್ಲಿ ಬಾವುಟದ ಕೆಳಗೆ ವಿಶ್ವ ಚಾಂಪಿಯನ್ ಆದವರು. ಟೋಕಿಯೊದಲ್ಲಿ ಅಂಕದ ಕೆಳಗೆ 28.72 ಪಡೆದು ಚಿನ್ನ ಗೆದ್ದವರೂ ಅವರೇ. 1980ರ ದಶಕದಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ತ್ಸುಗುವೊ ಸಕುಮೊಟೊ ಅವರ ಗುರು. ಆ ಶಿಖರದ ಮಟ್ಟದ ಶ್ರೇಷ್ಠತೆಯನ್ನು ಯಾವ ಪದ್ಧತಿಯಾದರೂ ಗುರುತಿಸುತ್ತದೆ. ಪದ್ಧತಿ ಬದಲಾದರೆ ಭವಿಷ್ಯ ಬದಲಾಗುವುದು ಎಂಟನೆಯ, ಹನ್ನೆರಡನೆಯ ಸ್ಥಾನದ ಆಸುಪಾಸಿನವರದು. ಅವರ ಹೆಸರು ಸುದ್ದಿಯಾಗುವುದಿಲ್ಲವಾದ್ದರಿಂದ ಅವರಿಗಾದ ಲಾಭ–ನಷ್ಟವನ್ನು ಯಾರೂ ಲೆಕ್ಕ ಇಡುವುದಿಲ್ಲ. ಒಲಿಂಪಿಕ್ಸ್ ಮುಗಿದ ಮೇಲೆ ಕಟಾದಲ್ಲಿ ಮತ್ತೆ ಇಬ್ಬರನ್ನು ಎದುರುಬದುರು ಇಡುವ ಕ್ರಮ ಬಂತು, ಅಂಕ ಮಾತ್ರ ಉಳಿಯಿತು. ಎರಡರ ಒಳ್ಳೆಯದನ್ನೂ ಕೂಡಿಸುವ ಈ ಯತ್ನ ನನಗೆ ಸರಿ ಕಾಣುತ್ತದೆ.

ಇನ್ನು ಪಂದ್ಯಾವಳಿಯ ಚೌಕಟ್ಟಿನ ಮಾತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೆ, ಮಹಿಳೆಯರಿಗೆ ಐದೈದು ತೂಕದ ವಿಭಾಗಗಳು. ಒಲಿಂಪಿಕ್ಸ್ ಕೊಟ್ಟದ್ದು ಮೂರೇ. 84 ಕೆ.ಜಿ. ಒಳಗಿನವರು ಮತ್ತು ಅದಕ್ಕೂ ಮೇಲಿನ ದೈತ್ಯರು ‘75ಕ್ಕಿಂತ ಮೇಲೆ’ ಎಂಬ ಒಂದೇ ಗುಂಪಿಗೆ ಬಂದರು. 60 ಕೆ.ಜಿ.ಯವರು 67ರವರ ಎದುರು ನಿಂತರು. ಪ್ರತಿ ವಿಭಾಗಕ್ಕೂ ಸುಮಾರು ಹತ್ತು ಮಂದಿ, ಎರಡು ಗುಂಪು, ಗುಂಪಿನೊಳಗೆ ಎಲ್ಲರ ಮೇಲೂ ಎಲ್ಲರೂ. ಇಷ್ಟೆಲ್ಲ ಮಾಡಿಯೂ ಪ್ಯಾರಿಸ್ ಒಲಿಂಪಿಕ್ಸ್ ಪಟ್ಟಿಯಲ್ಲಿ ಕರಾಟೆ ಇರಲಿಲ್ಲ, 2028ರ ಲಾಸ್ ಏಂಜಲಿಸ್ ಪಟ್ಟಿಯಲ್ಲೂ ಇಲ್ಲ. ಒಲಿಂಪಿಕ್ಸ್‌ಗಾಗಿ ಆಟವನ್ನೇ ಮಾರಿದರು ಎನ್ನುವ ಹಳಬರ ಸಿಟ್ಟಿಗೆ ಇದು ಬಲ ಕೊಟ್ಟಿತು. ಆದರೆ ಆ ಸಿಟ್ಟಿನ ಭರದಲ್ಲಿ ಗುಂಪು ಹಂತದ ಒಳ್ಳೆಯತನವನ್ನು ಮರೆಯಬಾರದು.

ನಾಕೌಟ್‌ನಲ್ಲಿ ಮೊದಲ ಪಂದ್ಯ ಸೋತವರ ಪಾಡು ಹೇಳುವಂಥದಲ್ಲ. ತಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ಮಾತ್ರ ರೆಪೆಚೇಜ್‌ನಲ್ಲಿ ಕಂಚಿನ ದಾರಿ ತೆರೆಯುತ್ತದೆ. ಇಲ್ಲವಾದರೆ ವಿಮಾನ ಹತ್ತಿ ಬಂದದ್ದು ಮೂರು ನಿಮಿಷದ ಆಟಕ್ಕೆ. ತಮ್ಮ ಭಾಗ್ಯ ಇನ್ನೊಬ್ಬರ ಗೆಲುವಿಗೆ ಜೋತುಬಿದ್ದಿರುತ್ತದೆ. ಈಗ ಕರಾಟೆಯ ಪ್ರೀಮಿಯರ್ ಲೀಗ್‌ನಂಥ ಮೇಲಿನ ಟೂರ್ನಿಗಳಲ್ಲಿ ವಿಭಾಗಕ್ಕೆ 32 ಮಂದಿ, ನಾಲ್ಕು ನಾಲ್ಕರ ಎಂಟು ಗುಂಪು. ಒಂದು ಸೋತರೂ ಇನ್ನೆರಡು ಪಂದ್ಯ ಖಾತ್ರಿ. ಮೊದಲ ಸುತ್ತಿನ ಅದೃಷ್ಟಕ್ಕಿಂತ ಮೂರು ಪಂದ್ಯಗಳ ಒಟ್ಟು ಆಟ ತೂಗುತ್ತದೆ. ಕ್ರೀಡಾಪಟುವಿನ ಕಡೆಯಿಂದ ನೋಡಿದರೆ ಇದು ಹೆಚ್ಚು ನ್ಯಾಯ.

ಬಾಗಿಲ ಹೊರಗೆ ನಿಂತವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಹಿಂದೆ ವಿಶ್ವ ಚಾಂಪಿಯನ್‌ಷಿಪ್‌ಗೆ ಪ್ರತಿ ದೇಶ ಒಂದು ವಿಭಾಗಕ್ಕೆ ಒಬ್ಬರನ್ನು ಕಳಿಸಬಹುದಿತ್ತು. 2025ರ ನವೆಂಬರ್‌ನಲ್ಲಿ ಕೈರೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ವಿಭಾಗಕ್ಕೆ ಮೊದಲೇ ಅರ್ಹತೆ ಗಳಿಸಿದ 32 ಮಂದಿ ಮಾತ್ರ. ಮಟ್ಟ ಏರಿತು, ವೇಳಾಪಟ್ಟಿ ಹಿಡಿತಕ್ಕೆ ಬಂತು, ಪ್ರತಿ ಪಂದ್ಯಕ್ಕೂ ತೂಕ ಬಂತು ಎಂಬುದು ನಿಜ. ಆದರೆ ಅರ್ಹತೆಗೆ ಹೆಚ್ಚಾಗಿ ರ‍್ಯಾಂಕಿಂಗ್ ಬೇಕು, ರ‍್ಯಾಂಕಿಂಗ್‌ಗೆ ವರ್ಷವಿಡೀ ದೇಶದಿಂದ ದೇಶಕ್ಕೆ ಹಾರಬೇಕು. ಯೂರೋಪಿನವರಿಗೆ ಒಂದು ರಾತ್ರಿಯ ರೈಲಿನ ದೂರವಾದದ್ದು ಭಾರತದವರಿಗೆ ವೀಸಾ, ವಿಮಾನ, ಹೋಟೆಲ್ ಎಲ್ಲ ಸೇರಿ ಲಕ್ಷಗಳ ಮಾತು. ಇಲ್ಲಿ ಹೆಚ್ಚಿನ ಕರಾಟೆ ಪಟುಗಳ ಖರ್ಚು ಹೊರುವುದು ಅಪ್ಪ–ಅಮ್ಮನ ಸಂಬಳ.

ಇದು ದೂರದ ಮಾತೂ ಅಲ್ಲ. ಮದುವೆ ಛತ್ರದಲ್ಲೋ ಒಳಾಂಗಣ ಕ್ರೀಡಾಂಗಣದಲ್ಲೋ ನಡೆಯುವ ನಮ್ಮ ಜಿಲ್ಲಾ ಮಟ್ಟದ ಟೂರ್ನಿಗಳಲ್ಲೂ ಮಕ್ಕಳ ಸೊಂಟಕ್ಕೆ ಅದೇ ಕೆಂಪು–ನೀಲಿ ಬೆಲ್ಟು, ಕೈಗೆ ಅದೇ ಬಣ್ಣದ ಗ್ಲೌಸು. ಅಂಚಿನಲ್ಲಿ ನಿಂತ ಕೋಚ್ ‘ಸೆನ್ಶು ಇದೆ, ಹೊರಗೆ ಕಾಲಿಡಬೇಡ’ ಎಂದು ಕೂಗುತ್ತಾರೆ. ಮೇಲೆ ಒಂದು ಸಾಲು ಬದಲಾದರೆ ಕೆಳಗೆ ಸಂಜೆ ಐದರ ತರಗತಿಯಲ್ಲಿ ಮಕ್ಕಳು ಅಭ್ಯಾಸ ಮಾಡುವ ಒದೆತವೇ ಬದಲಾಗುತ್ತದೆ. ನಿಯಮಪುಸ್ತಕ ಮೇಲಿಂದ ಮೇಲೆ ಬದಲಾಗುವುದರಿಂದ ಹೆಚ್ಚು ಸುಸ್ತಾಗುವುದು ಈ ಕೋಚ್‌ಗಳಿಗೆ. ಒಂದು ಪದ್ಧತಿಗೆ ಮಗುವನ್ನು ಪಳಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಹಾಗಾಗಿ ನನ್ನ ತಕ್ಕಡಿ ಒಂದೇ ಕಡೆ ವಾಲುವುದಿಲ್ಲ. ಸೋತವರಿಗೆ ಕಾರಣ ಕಾಣಿಸುವ ಬದಲಾವಣೆಗಳು, ಅಂದರೆ ವಿಡಿಯೊ, ಸೆನ್ಶು, ಕಟಾದ ಅಂಕ, ಗುಂಪು ಹಂತ ಇವೆಲ್ಲ ಉಳಿಯಲಿ. ಪ್ರೇಕ್ಷಕರ ಅನುಕೂಲಕ್ಕೆ ತೂಕದ ವಿಭಾಗ ಒಗ್ಗೂಡಿಸುವುದು, ತಲೆಗೆ ಬೀಳುವ ಏಟಿನ ಹಿಡಿತವನ್ನು ಸಡಿಲಿಸುವುದು ಬೇಡ. 32ರ ಮಿತಿಯನ್ನು ಒಪ್ಪಬಹುದು, ಒಂದು ಷರತ್ತಿನ ಮೇಲೆ: ಆ 32ರಲ್ಲಿ ಒಂದಿಷ್ಟು ಸ್ಥಾನಗಳಿಗೆ ಪ್ರತಿ ಖಂಡದಲ್ಲೂ ಒಂದು ಮುಕ್ತ ಅರ್ಹತಾ ಟೂರ್ನಿ ಇರಲಿ, ರ‍್ಯಾಂಕಿಂಗ್ ಇಲ್ಲದವರೂ ಅಲ್ಲಿ ಹೆಸರು ಕೊಡುವಂತಾಗಲಿ. ಏಷ್ಯಾದ್ದನ್ನು ಪ್ರತಿ ವರ್ಷ ಬೇರೆ ಬೇರೆ ಪ್ರದೇಶಕ್ಕೆ ಕೊಟ್ಟರೆ ದಕ್ಷಿಣ ಏಷ್ಯಾದ ಹುಡುಗಿಯೊಬ್ಬಳು ಒಂದೇ ಟಿಕೆಟ್ಟಿನ ಖರ್ಚಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಡ್ರಾಕ್ಕೆ ಬರಲು ಸಾಧ್ಯವಾಗುತ್ತದೆ.